ಬಣ್ಣ ಹೋಯಿತು, ಅಮೀನು ಉಳಿಯಿತು
ನ್ಯಾನೋ ವೇಗವರ್ಧಕಗಳ ಸಂಶೋಧಕರಿಗೆ ಆನೆಗೊಂದಿಯಿಂದ ಬಹಿರಂಗ ಪತ್ರ



ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಆನೆಗೊಂದಿ ಆ ಪಾತ್ರದ ದಂಡೆಯಲ್ಲೇ ಇದೆ. ಗಂಗಾವತಿಯ ಭತ್ತದ ಗದ್ದೆಗಳಿಗೂ ಇದೇ ಹೊಳೆ ನೀರುಣಿಸುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯ ಭಾಗ್ಯನಗರದಲ್ಲಿ, ಕುಷ್ಟಗಿ ಕಡೆಯ ದೋಟಿಹಾಳ, ಹನುಮಸಾಗರಗಳಲ್ಲಿ ಇಳಕಲ್ ಸೀರೆ ನೇಯುತ್ತಾರೆ. ಹೊಳೆಯಾಚೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು, ತೊಳೆದು ಕಳಿಸುತ್ತಾರೆ. ಬಣ್ಣದ ನೀರಿನ ಚಿಂತೆ ನಮಗೆ ದೂರದ್ದಲ್ಲ. ಹಾಗಾಗಿ ನಿಮ್ಮ ಕೆಲಸವನ್ನು ಆಸೆಯಿಂದಲೇ ಓದುತ್ತೇನೆ.

ಎಲೆಯ ಕಷಾಯದಿಂದ ಬೆಳ್ಳಿಯದೋ ಚಿನ್ನದ್ದೋ ನ್ಯಾನೋ ಕಣ ತಯಾರಿಸುತ್ತೀರಿ. ಮೆಥಿಲಿನ್ ಬ್ಲೂ ಇಲ್ಲವೇ ಮೀಥೈಲ್ ಆರೆಂಜ್ ಬಣ್ಣ ಕರಗಿಸಿದ ಶುದ್ಧ ನೀರಿಗೆ ಸೋಡಿಯಂ ಬೊರೋಹೈಡ್ರೈಡನ್ನು ಧಾರಾಳವಾಗಿ ಸೇರಿಸಿ, ಚೂರೇ ಚೂರು ಕಣ ಹಾಕುತ್ತೀರಿ. ಕಣದ ಮೈಮೇಲೆ ಬೊರೋಹೈಡ್ರೈಡಿನ ಎಲೆಕ್ಟ್ರಾನುಗಳು ಬಣ್ಣದ ಅಣುವಿಗೆ ದಾಟುತ್ತವೆ. ಕೆಲವೇ ನಿಮಿಷಗಳಲ್ಲಿ ನೀರು ತಿಳಿಯಾಗುತ್ತದೆ. ಕಣ ಚಿಕ್ಕದಾದಷ್ಟೂ ಅದೇ ತೂಕಕ್ಕೆ ಹೆಚ್ಚು ಮೈ ಸಿಗುತ್ತದೆ, ಕ್ರಿಯೆ ಚುರುಕಾಗುತ್ತದೆ. ಸೊಗಸಾದ ರಸಾಯನವಿದ್ಯೆ. ಆದರೆ ಇಷ್ಟಕ್ಕೇ ‘ಮಾಲಿನ್ಯ ನಿವಾರಣೆಯಾಯಿತು’ ಎಂದು ಬರೆದುಬಿಟ್ಟರೆ ನಾನು ಒಪ್ಪಲಾರೆ.

ಮೆಥಿಲಿನ್ ಬ್ಲೂ ಎಲ್ಲಿ ಹೋಯಿತು? ಬಣ್ಣವಿಲ್ಲದ ಲ್ಯೂಕೋ ರೂಪದಲ್ಲಿ ಅಲ್ಲೇ ಇದೆ, ಗಾಳಿಯ ಆಮ್ಲಜನಕ ತಾಗಿದರೆ ಮತ್ತೆ ನೀಲಿಯಾಗಬಲ್ಲದು. ಮೀಥೈಲ್ ಆರೆಂಜ್‌ನ ಅಜೋ ಬಂಧ (ಎರಡು ಸಾರಜನಕ ಪರಮಾಣುಗಳ ಬೆಸುಗೆ) ಮುರಿದಾಗ ಅಣು ಎರಡು ತುಂಡಾಗುತ್ತದೆ: ಒಂದು ಸಲ್ಫಾನಿಲಿಕ್ ಆಮ್ಲ, ಇನ್ನೊಂದು ಡೈಮೀಥೈಲ್ ಫಿನೈಲೀನ್ ಡೈಅಮೀನ್ ಎಂಬ ವಿಷಕಾರಿ ಅಮೀನು. ಬಟ್ಟೆಯ ಕೃತಕ ಬಣ್ಣಗಳಲ್ಲಿ ಅಜೋ ವರ್ಗದವೇ ಹೆಚ್ಚು. ಅವುಗಳಲ್ಲಿ ಕೆಲವು ಒಡೆದರೆ ಬೆಂಜಿಡೀನ್‌ನಂಥ ಕ್ಯಾನ್ಸರ್‌ಕಾರಕ ಅಮೀನುಗಳು ಹೊರಬೀಳುತ್ತವೆ. ಆ ಕಾರಣಕ್ಕೇ ಭಾರತ 1990ರ ದಶಕದಲ್ಲಿ ಅಂಥ ಬಣ್ಣಗಳನ್ನು ನಿಷೇಧಿಸಿತು. ಕೆಂಪು ನೀರು ಕಂಡರೆ ದನ ಕಾಯುವ ಹುಡುಗನೂ ಎಮ್ಮೆಯನ್ನು ಹಿಂದಕ್ಕೆ ಹೊಡೆಯುತ್ತಾನೆ. ತಿಳಿನೀರು ಕಂಡರೆ ಯಾಕೆ ಹೊಡೆದಾನು?

ಬೊರೋಹೈಡ್ರೈಡ್ ಬೋರೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ಬೋರಾನ್ ಬೆಳೆಗೆ ಲವಲೇಶ ಬೇಕು. ಮಿತಿ ಮೀರಿದರೆ ಎಲೆಯ ತುದಿ ಸುಡುತ್ತದೆ. ಬೆಳ್ಳಿ ಹೊಳೆಗೆ ಸೋರಿದರೆ ಮೀನಿಗೂ ಪಾಚಿಗೂ ಕುತ್ತು, ಮೀನನ್ನೇ ನಂಬಿದ ನೀರುನಾಯಿಗೂ.

ಬೇರೆ ದಾರಿಯನ್ನು ನಮ್ಮ ರಾಜ್ಯದಲ್ಲೇ ತೋರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಅವರ ತಂಡ ದಹನ ವಿಧಾನದಿಂದ ತಯಾರಿಸಿದ ನ್ಯಾನೋ ಟೈಟಾನಿಯಂ ಡೈಆಕ್ಸೈಡ್ ಬಳಸಿ, ಬಿಸಿಲಿನಲ್ಲೇ ಬಣ್ಣಗಳನ್ನು ಒಡೆದ ಪ್ರಯೋಗವನ್ನು 2004ರಲ್ಲಿ ಪ್ರಕಟಿಸಿತು. ಬೆಳಕು ಬಿದ್ದಾಗ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಅಣುವನ್ನು ಹಂತಹಂತವಾಗಿ ಕಡಿಯುತ್ತವೆ. ಸಾಕಷ್ಟು ಹೊತ್ತು ಬಿಟ್ಟರೆ ಇಂಗಾಲದ ಡೈಆಕ್ಸೈಡ್, ನೀರು, ಲವಣಗಳವರೆಗೆ ತಲುಪಬಹುದು. ಕೊಪ್ಪಳದಲ್ಲಿ ಬಿಸಿಲಿಗೇನು ಬರ? ಆದರೂ ಬಣ್ಣ ದಟ್ಟವಾಗಿದ್ದರೆ ಬೆಳಕು ಒಳಗಿಳಿಯದು. ಕಣವನ್ನು ಗಾಜಿಗೋ ಜೇಡಿಮಣ್ಣಿಗೋ ಅಂಟಿಸದಿದ್ದರೆ ಅದನ್ನು ಮರಳಿ ಹಿಡಿಯುವುದೂ ಕಷ್ಟ.

ನಿಮ್ಮಲ್ಲಿ ನನ್ನ ಬೇಡಿಕೆ ಇದು. ಬಣ್ಣ ಎಷ್ಟು ಇಳಿಯಿತು ಎಂಬ ಗೆರೆಯ ಪಕ್ಕದಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟು ಇಳಿಯಿತು, ಯಾವ ಅಮೀನು ಉಳಿಯಿತು, ಎಷ್ಟು ಲೋಹ ಸೋರಿತು ಎಂಬುದನ್ನೂ ಬರೆಯಿರಿ. ಶುದ್ಧ ನೀರಿನ ಪ್ರಯೋಗ ಮುಗಿದ ಮೇಲೆ ಬಣ್ಣ ಹಾಕುವವರ ಹಂಡೆಯಿಂದಲೇ ಒಂದು ಕ್ಯಾನ್ ನೀರು ಒಯ್ಯಿರಿ. ಅದರಲ್ಲಿ ಉಪ್ಪು, ಸೋಡಾ, ಗಂಜಿ ಎಲ್ಲವೂ ಇರುತ್ತದೆ. ನಿಮ್ಮ ಕಣ ಅಲ್ಲಿಯೂ ದುಡಿಯುತ್ತದೆಯೇ ನೋಡಿ. ಲೀಟರಿಗೆ ಎಷ್ಟು ಖರ್ಚು ಬಿತ್ತು ಎಂಬುದನ್ನು, ಆ ನೀರು ಕೊಟ್ಟವರಿಗೆ ಕನ್ನಡದಲ್ಲಿ ತಿಳಿಸಿ.

ಇಂತಿ,
ಆನೆಗೊಂದಿಯ ಓದುಗ