ಧೂಳು ಇರಲಿ ಬಿಡಿ, ಮೇಷ್ಟ್ರೇ

ಕಾರಿನ ಬಣ್ಣ ಕೆಡುವುದು ಧೂಳಿನಿಂದಲ್ಲ, ಧೂಳು ಒರೆಸುವವರಿಂದ. ಈ ಮಾತನ್ನು ಕಾಂಪೌಂಡಿನ ಈಚೆಯಿಂದ ಎಷ್ಟು ಸಲ ಆಚೆಗೆ ದಾಟಿಸಿದರೂ ನಮ್ಮ ಪಕ್ಕದ ಮನೆ ಡ್ರಾಯಿಂಗ್ ಮೇಷ್ಟ್ರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ರಿಟೈರ್ ಆದವರು. ಹುಡುಗರ ಹಾಳೆಯಲ್ಲಿ ಕೂದಲೆಳೆಯಷ್ಟು ಗೆರೆ ಆಚೀಚೆ ಆಗಿದ್ದರೂ ಹಿಡಿಯುತ್ತಿದ್ದ ಕಣ್ಣು ಅದು. ಆದರೆ ಮಗಳು ತಂದು ನಿಲ್ಲಿಸಿರುವ ಕಪ್ಪು ಕಾರಿನ ಮೇಲೆ ಬೆಳಗಾಗೆದ್ದು ತಾವೇ ಎಳೆಯುತ್ತಿದ್ದ ಗೆರೆಗಳು ಮಾತ್ರ ಆ ಕಣ್ಣಿಗೆ ಬೀಳುತ್ತಿರಲಿಲ್ಲ.

ಕಾರು ಸಾಮಾನ್ಯದ್ದಲ್ಲ. ಮರ್ಸಿಡಿಸ್ ಇಕ್ಯೂಎಸ್ 580. 2022ರಲ್ಲಿ ಪುಣೆ ಹತ್ತಿರದ ಚಾಕಣದಲ್ಲಿ ಜೋಡಿಸಿ ಮಾರಾಟಕ್ಕೆ ಬಿಟ್ಟಾಗ ಷೋರೂಮಿನ ಬೆಲೆಯೇ 1.55 ಕೋಟಿ ಇತ್ತು. ಎರಡೂವರೆ ಟನ್ ತೂಕದ ಕಾರು ಗೇಟಿನೊಳಗೆ ಬಂದರೂ ಸದ್ದಿಲ್ಲ. ಮೇಷ್ಟ್ರಿಗೆ ಬೆಲೆಗಿಂತ, ಸದ್ದಿಗಿಂತ ದೊಡ್ಡ ಸಂಕಟ ಬೇರೆ.

“ಬಾನೆಟ್ಟೇ ಎತ್ತೋ ಹಾಗಿಲ್ವಂತಲ್ಲ ರೀ!” ಅಂದರು, ಕಾರು ಬಂದ ಹೊಸದರಲ್ಲಿ. “ಪದ್ಮಿನಿ ಕಾರು ಇದ್ದಾಗ ಎದ್ದ ಕೂಡಲೇ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ನೋಡ್ತಿದ್ದೆ, ಆಯಿಲ್ ಕಡ್ಡಿ ತೆಗೆದು ಒರೆಸ್ತಿದ್ದೆ. ಇದಕ್ಕೆ ನಾನೇನು ಮಾಡ್ಲಿ?”

ಅವರು ಹೇಳಿದ್ದು ನಿಜ. ಆ ಕಾರಿನ ಬಾನೆಟ್ಟನ್ನು ಸರ್ವೀಸಿನವರು ಮಾತ್ರ ತೆಗೆಯಬೇಕು. ಗಾಜು ತೊಳೆಯುವ ನೀರು ಹಾಕುವುದಕ್ಕೂ ಮುಂದಿನ ಎಡ ಮಡ್‌ಗಾರ್ಡಿನಲ್ಲಿ ಒಂದು ಪುಟ್ಟ ಮುಚ್ಚಳ ಕೊಟ್ಟಿದ್ದಾರೆ, ಅಷ್ಟೆ. ಹೀಗೆ ಉಪಚಾರದ ಬಾಗಿಲುಗಳೆಲ್ಲ ಮುಚ್ಚಿಹೋದ ಮೇಲೆ ಮೇಷ್ಟ್ರಿಗೆ ಉಳಿದದ್ದು ಒಂದೇ ಸೇವೆ, ಒರೆಸೋದು. ಮೊದಲು ಗರಿಯ ಡಸ್ಟರಿನಲ್ಲಿ ಒಂದು ಸುತ್ತು, ಆಮೇಲೆ ಹಳೇ ಪಂಚೆಯ ತುಂಡಿನಲ್ಲಿ ಎರಡು ಸುತ್ತು, ಒಣ ಒಣ.

ನಮ್ಮ ರಸ್ತೆಯ ಧೂಳು ಎಂಥದ್ದು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮೆಟ್ರೋ ಅಗೆತ, ಕೇಬಲ್ ಅಗೆತ, ಎದುರು ಸೈಟಿನಲ್ಲಿ ಮೂರನೇ ಮಹಡಿ. ಸಿಮೆಂಟು, ಎಂ ಸ್ಯಾಂಡು, ಗ್ರಾನೈಟ್ ಪುಡಿ ಎಲ್ಲಾ ಬೆರೆತ ಧೂಳು. ಅದರೊಳಗಿನ ಮರಳಿನ ಕಣ ಕಾರಿನ ಬಣ್ಣಕ್ಕಿಂತ ಎಷ್ಟೋ ಪಾಲು ಗಡುಸು. ಹೊಸ ಕಾರಿನ ಮೇಲೆ ಪ್ರೈಮರ್, ಬಣ್ಣ, ಅದರ ಮೇಲೆ ಹೊಳೆಯುವ ಕ್ಲಿಯರ್ ಕೋಟ್, ಎಲ್ಲಾ ಸೇರಿದರೂ ನೂರು, ನೂರಿಪ್ಪತ್ತು ಮೈಕ್ರಾನ್ ಆಸುಪಾಸು. ಹೊಳಪೆಲ್ಲ ಇರುವ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲೇ 70 ಮೈಕ್ರಾನ್ ಹತ್ತಿರ ಇರುತ್ತದೆ. ಧೂಳು ಅದರ ಪಾಡಿಗೆ ಕೂತಿದ್ದರೆ ಏನೂ ಮಾಡುವುದಿಲ್ಲ. ಮೇಲಿಂದ ಬಟ್ಟೆ ಒತ್ತಿ ಎಳೆದ ಕ್ಷಣದಿಂದ ಅದು ಉಪ್ಪುಕಾಗದ.

“ಮೆತ್ತಗಿರೋ ಪಂಚೆ ಕಣ್ರೀ, ನೂರು ಸಲ ಒಗೆದಿದ್ದು” ಅಂತ ಮೇಷ್ಟ್ರ ವಾದ. ಬಟ್ಟೆ ಮೆತ್ತಗಿದ್ದರೆ ಕಣ ಮೆತ್ತಗಾಗುತ್ತದೆಯೇ? ಪಂಚೆಗೆ ಜುಂಗು ಇಲ್ಲ. ಸಿಕ್ಕ ಕಣ ಒಳಗೆ ಹೋಗಿ ಅವಿತುಕೊಳ್ಳಲು ಜಾಗವಿಲ್ಲದೆ ಬಣ್ಣಕ್ಕೂ ಬಟ್ಟೆಗೂ ನಡುವೆಯೇ ಉರುಳುತ್ತದೆ. ಉದ್ದ ಜುಂಗಿನ ಮೈಕ್ರೋಫೈಬರ್ ಬಟ್ಟೆ ಕಣವನ್ನು ಎತ್ತಿ ಒಳಗೆ ಸೆಳೆದುಕೊಳ್ಳುತ್ತದೆ, ಒದ್ದೆ ಇದ್ದರೆ ಇನ್ನೂ ಚೆನ್ನಾಗಿ. ಒಂದು ಸಂಜೆ ಮೇಷ್ಟ್ರನ್ನು ಬೀದಿದೀಪದ ಕೆಳಗೆ ಕರೆದೊಯ್ದು ಬಾನೆಟ್ ತೋರಿಸಿದೆ. ದೀಪದ ಬಿಂಬದ ಸುತ್ತ ಜೇಡರ ಬಲೆಯಂತೆ ಸುರುಳಿ ಸುರುಳಿ ಗೆರೆ.

“ನಾನು ಸುತ್ತಿ ಸುತ್ತಿ ಒರೆಸಲೇ ಇಲ್ಲ, ನೇರ ಎಳೆದಿದ್ದು!” ಅಂತ ಮೇಷ್ಟ್ರು ಪ್ರತಿಭಟಿಸಿದರು. ಅದೂ ಸರಿಯೇ. ಗೆರೆಗಳು ಎಲ್ಲಾ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದ ಗೆರೆಗಳಷ್ಟೇ ಮಿನುಗುವುದರಿಂದ ದೀಪದ ಸುತ್ತ ವೃತ್ತ ಕಟ್ಟಿದ ಹಾಗೆ ಕಾಣುತ್ತದೆ. ಇದನ್ನು ಕೇಳಿ ಅವರಿಗೆ ಕಾರಿನ ದುಃಖವೇ ಮರೆತುಹೋಯಿತು. ಅತ್ತಿತ್ತ ತಲೆ ಓಲಾಡಿಸಿ ವೃತ್ತಗಳು ತಮ್ಮ ಜೊತೆಗೇ ಸರಿಯುವುದನ್ನು ನೋಡುತ್ತಾ ನಿಂತರು. ಪಾಲಿಶ್ ಹೊಡೆಸಿದರೆ ಗೆರೆ ಹೋಗುತ್ತದೆ, ಆದರೆ ಪಾಲಿಶ್ ಅಂದರೆ ಗೆರೆ ತುಂಬುವುದಲ್ಲ, ಗೆರೆಯ ಆಳದವರೆಗೆ ಕ್ಲಿಯರ್ ಕೋಟನ್ನೇ ಉಜ್ಜಿ ತೆಗೆಯುವುದು. ಇರುವ ನಲವತ್ತರಲ್ಲಿ ಪ್ರತಿ ಸಲವೂ ಒಂದೆರಡು ಮೈಕ್ರಾನ್ ಖರ್ಚು. ವರ್ಷ ವರ್ಷ ಹೊಡೆಸುವ ವಿಷಯವಲ್ಲ.

ಹಾಗಾದರೆ ಬೆಳಗಿನ ಜಾವ ಕಾರು ತೊಳೆಯಲು ಬರುವ ಹುಡುಗನಿಗೇ ಬಿಟ್ಟುಬಿಡೋಣ ಅಂದರು. ಪಾಪ, ಅವನದು ಒಂದು ಬಕೆಟ್ಟು, ಒಂದು ಹಳದಿ ಬಟ್ಟೆ, ಇಡೀ ಬೀದಿಯ ಕಾರುಗಳು. ಮೂಲೆಮನೆ ಸ್ವಿಫ್ಟಿನ ಚಕ್ರದ ಮರಳು ಅದೇ ಬಕೆಟ್ಟಿನಲ್ಲಿ ಮೇಷ್ಟ್ರ ಮರ್ಸಿಡಿಸ್ಸಿಗೆ ಬರುತ್ತದೆ. ನಾವು ಕೊಡುವ ತಿಂಗಳ ದುಡ್ಡಿಗೆ ಕಾರಿಗೊಂದು ಬಕೆಟ್ ಕೇಳುವ ಮುಖ ಯಾರಿಗೂ ಇಲ್ಲ.

ಸರಿಯಾದ ಕ್ರಮ ಏನೂ ಕಷ್ಟದ್ದಲ್ಲ, ಆತುರ ಇರಬಾರದು ಅಷ್ಟೆ. ಮುಟ್ಟುವ ಮೊದಲು ಬರೀ ನೀರು ಹಾಯಿಸಿ ಸಡಿಲ ಧೂಳನ್ನೆಲ್ಲ ಇಳಿಸಬೇಕು. ಆಮೇಲೆ ಕಾರಿನ ಶಾಂಪೂ ನೊರೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಅದು ಮೇಲಿನ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೈಗವಸಿನಲ್ಲಿ ಒಂದು ಬಾಗಿಲು ಉಜ್ಜಿದ ಮೇಲೆ ಅದನ್ನು ಬರೀ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ, ಆಮೇಲಷ್ಟೇ ಶಾಂಪೂ ಬಕೆಟ್ಟಿಗೆ. ಮೇಲಿಂದ ಕೆಳಕ್ಕೆ ಬರಬೇಕು, ಬಾಗಿಲ ಕೆಳಭಾಗ ಕೊನೆಗೆ. ಚಕ್ರಗಳಿಗೆ ಬೇರೆಯೇ ಬಟ್ಟೆ. ಎಲೆಕ್ಟ್ರಿಕ್ ಕಾರಿನಲ್ಲಿ ವೇಗ ತಗ್ಗಿಸುವ ಕೆಲಸ ಬಹುಪಾಲು ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಸವೆದು ಚಕ್ರಕ್ಕೆ ಮೆತ್ತಿಕೊಳ್ಳುವ ಕರಿ ಪುಡಿ ಕಡಿಮೆ. ಅದೇ ಕಾರಣಕ್ಕೆ ಇನ್ನೊಂದು ತಾಪತ್ರಯವೂ ಇದೆ. ತೊಳೆದು ಹಾಗೇ ನಿಲ್ಲಿಸಿದರೆ ಅಪರೂಪಕ್ಕೆ ಬಳಕೆಯಾಗುವ ಬ್ರೇಕ್ ಡಿಸ್ಕಿನ ಮೇಲೆ ತುಕ್ಕು ಕೂರುತ್ತದೆ. ಆದ್ದರಿಂದ ತೊಳೆದ ಮೇಲೆ ಒಂದು ಸುತ್ತು ಹೋಗಿ ನಾಲ್ಕಾರು ಸಲ ಬ್ರೇಕ್ ಒತ್ತಿ ಬರಬೇಕು. ಈ ಭಾಗ ಮೇಷ್ಟ್ರಿಗೆ ತುಂಬ ಹಿಡಿಸಿತು. ತೊಳೆದ ನೆಪದಲ್ಲಿ ಈಗ ಗಾಂಧಿ ಬಜಾರಿನವರೆಗೂ ಹೋಗಿ ಕಾಫಿ ಕುಡಿದು ಬರುತ್ತಾರೆ.

“ಅಲ್ಲಾ, ಕರೆಂಟ್ ಕಾರಿಗೆ ಪೈಪ್ ಹಿಡೀತೀರಲ್ಲ, ಷಾಕ್ ಹೊಡೆದ್ರೆ?” ಅಂತ ಮೇಷ್ಟ್ರ ಮನೆಯವರು ವೆರಾಂಡದಿಂದಲೇ ಕೂಗಿದರು. ಅವರು ಅಂಗಳಕ್ಕೂ ಇಳಿದಿರಲಿಲ್ಲ.

“ಏನಾಗಲ್ಲಮ್ಮ, ಮಳೇಲಿ ಓಡಾಡಲ್ವಾ?” ಅಂದೆ. ಬ್ಯಾಟರಿ ಪೆಟ್ಟಿಗೆ ನೀರು ಹೋಗದ ಹಾಗೆ ಬಿಗಿದಿರುತ್ತದೆ. ಐಪಿ67 ಅನ್ನುವ ದರ್ಜೆಯದಾದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ತೇವ ಹೋಗಬಾರದು. ಎರಡು ಎಚ್ಚರ ಸಾಕು. ಚಾರ್ಜಿಗೆ ಹಾಕಿದಾಗ ತೊಳೆಯಬೇಡಿ. ಪ್ರೆಷರ್ ಪಂಪಿನ ನೀರನ್ನು ಚಾರ್ಜಿಂಗ್ ಮುಚ್ಚಳದ ಕಡೆಗೆ, ಕಾರಿನ ಹೊಟ್ಟೆಯ ಕಡೆಗೆ ಹತ್ತಿರದಿಂದ ಹಿಡಿಯಬೇಡಿ. ಷಾಕಿಗಿಂತ ಕಾಡುವುದು ಈ ಕಾರುಗಳ ಅತಿಬುದ್ಧಿ. ಕೀ ಜೇಬಿನಲ್ಲಿಟ್ಟುಕೊಂಡು ತೊಳೆಯಲು ಹೋದರೆ ಒಡೆಯ ಬಂದನೆಂದು ಬಾಗಿಲ ಹಿಡಿಕೆಗಳು ಹೊರಗೆ ಚಾಚುತ್ತವೆ, ಆಮೇಲೆ ಒಳಗೆ ಸರಿಯುತ್ತವೆ. ಕಾರು ಆನ್ ಆಗಿದ್ದು ವೈಪರ್ ಆಟೋದಲ್ಲಿದ್ದರೆ ಮಳೆ ಬಂತೆಂದು ವೈಪರ್ ಬೀಸುತ್ತದೆ. ಕೀಯನ್ನು ಮನೆಯೊಳಗೆ ದೇವರ ಪಕ್ಕ ಇಟ್ಟು ಬನ್ನಿ ಅಂದೆ. ಒಂದು ಉಪಕಾರವೂ ಉಂಟು. ಎಂಜಿನ್ನಿನ ಬಿಸಿ ಇಲ್ಲದ್ದರಿಂದ ಚಳಿಗೆ ಬಾನೆಟ್ ಹತ್ತಿ ಮಲಗುವ ಬೀದಿಯ ಬೆಕ್ಕುಗಳು ಈ ಕಾರನ್ನು ಒಮ್ಮೆ ಮೂಸಿ ಪಕ್ಕದ ಡೀಸೆಲ್ ಇನ್ನೋವಾಕ್ಕೆ ಹೋಗಿಬಿಡುತ್ತವೆ.

ಇನ್ನು ನೀರಿನ ಮಾತು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜಗಳ ನಡೆಯುತ್ತಿದ್ದಾಗ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದರು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ. ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತರುವ ಕಾವೇರಿಯನ್ನು ಟಯರಿಗೆ ಹೊಯ್ಯುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಕಾವೇರಿ ಬಿಟ್ಟರೆ ಉಪ್ಪು ನೀರು. ಬೋರಿನ ನೀರು ಬಿಸಿಲಲ್ಲಿ ಹಾಗೇ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಂದೆ ಉಳಿದು ಬಿಳಿ ಉಂಗುರ ಕಟ್ಟುತ್ತದೆ. ಕಪ್ಪು ಕಾರಿನಲ್ಲಿ ಅದು ಬೀದಿ ತುದಿಗೂ ಕಾಣುತ್ತದೆ. ಮೇಷ್ಟ್ರು ಇನ್ನೊಂದು ಜಾಣತನ ಮಾಡಿದ್ದರು. ಅಡುಗೆಮನೆ ಆರ್‌ಓದ ವೇಸ್ಟ್ ನೀರನ್ನು ಹಿಡಿದಿಟ್ಟು ಕಾರಿಗೆ ಹಾಕುತ್ತಿದ್ದರು. ಉಳಿತಾಯವೇನೋ ಸರಿ. ಆದರೆ ಫಿಲ್ಟರು ನಮ್ಮ ಲೋಟದಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇದೆ! ಅದು ನೆಲ ಒರೆಸಲು, ಬಚ್ಚಲಿಗೆ. ಕಾರಿಗೆ ಒಳ್ಳೆಯದು ಮಳೆನೀರು. ಮಳೆಕೊಯ್ಲು ಕಡ್ಡಾಯ ಎಂದು 2009ರಲ್ಲಿ ಕಾನೂನಾದಾಗ ಬೈದುಕೊಂಡು ಕಟ್ಟಿಸಿದ ಸಂಪು ಮೇಷ್ಟ್ರ ಮನೆಯಲ್ಲಿ ಇದೆ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲೂ ಉಪ್ಪಿರುವುದಿಲ್ಲ. ಯಾವ ನೀರೇ ಆಗಲಿ, ನೆರಳಲ್ಲಿ ತೊಳೆದು, ಒಣಗಲು ಬಿಡದೆ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಹೀರಿಸಬೇಕು, ಉಜ್ಜಬಾರದು.

ಕೋಟಿಂಗ್ ಮಾತು ಬಂದಾಗ ಮಾತ್ರ ನಾನು ಕೇಳುಗ, ಮೇಷ್ಟ್ರು ಮೇಷ್ಟ್ರಾದರು. ಮಗಳಿಗೆ ಯಾರೋ ಸೆರಾಮಿಕ್ ಕೋಟಿಂಗ್ ಹೇಳಿದ್ದರಂತೆ. ‘9ಎಚ್ ಗಡಸುತನ, ಗೀರೇ ಬೀಳಲ್ಲ’ ಅಂತ. ಮೇಷ್ಟ್ರು ನಕ್ಕುಬಿಟ್ಟರು. “9ಎಚ್ ಅಂದ್ರೆ ಏನ್ರೀ? ನನ್ನ ಡಬ್ಬಿಲಿರೋ ಪೆನ್ಸಿಲ್ ತಾನೆ?” ಹೌದು, ಅದೇ ಪೆನ್ಸಿಲ್. ಸೀಸದ ತುದಿಯನ್ನು ಚಪ್ಪಟೆ ಮಾಡಿ, 45 ಡಿಗ್ರಿ ಓರೆ ಹಿಡಿದು ಬಣ್ಣದ ಮೇಲೆ ತಳ್ಳಿ, ಯಾವ ನಂಬರಿನ ಪೆನ್ಸಿಲ್ ಗೀರುತ್ತದೆ ಎಂದು ನೋಡುವ ಪರೀಕ್ಷೆ. ಅದರಲ್ಲಿ ಪಾಸಾದರೆ ಪೆನ್ಸಿಲ್ಲಿಗೆ ಬಗ್ಗುವುದಿಲ್ಲ ಅಂತ ಅರ್ಥ. ನಮ್ಮ ರಸ್ತೆಯ ಮರಳಿಗೂ ಬಗ್ಗುವುದಿಲ್ಲ ಅಂತ ಅಲ್ಲ. “ಮರಳಿನ ಮುಂದೆ ನನ್ನ ಪೆನ್ಸಿಲ್ ಎಲ್ಲಿ ನಿಲ್ಲತ್ತೆ!” ಅಂದರು. ಆ ದಿನದಿಂದ ಗರಿಯ ಡಸ್ಟರು ಅಟ್ಟ ಸೇರಿತು. ನಾನು ತಿಂಗಳುಗಟ್ಟಲೆ ಹೇಳಿ ಆಗದ್ದು ಒಂದು ಪೆನ್ಸಿಲ್ಲಿನಿಂದ ಆಯಿತು.

ಸೆರಾಮಿಕ್ ವ್ಯರ್ಥ ಅಂತಲ್ಲ. ನೀರು ಮಣಿಯಾಗಿ ಉರುಳಿಹೋಗುತ್ತದೆ, ಕೊಳೆ ಅಂಟುವುದು ಕಡಿಮೆ, ಹಾಗಾಗಿ ಕೈ ಹಾಕುವುದೂ ಕಡಿಮೆ. ಬ್ರೆಜಿಲಿನ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸು ಇದೇ ಕೆಲಸವನ್ನು ಕೆಲವು ತಿಂಗಳು ಮಾಡುತ್ತದೆ, ಸೆರಾಮಿಕ್ ಕೆಲವು ವರ್ಷ. ಕಲ್ಲೇಟು ತಡೆಯಬೇಕಾದರೆ ಪಿಪಿಎಫ್ ಎನ್ನುವ ಪಾರದರ್ಶಕ ಪಾಲಿಯುರೆಥೇನ್ ಹಾಳೆಯೇ ಆಗಬೇಕು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಕಾಯಲು ಹುಟ್ಟಿದ ಹಾಳೆ ಅದು. 150ರಿಂದ 200 ಮೈಕ್ರಾನ್ ದಪ್ಪ, ಅಂದರೆ ಕಾರಿನ ಬಣ್ಣಕ್ಕಿಂತಲೂ ದಪ್ಪ. ಸಣ್ಣ ಗೀರು ಬಿದ್ದರೆ ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತದೆ. ಇಡೀ ಕಾರಿಗೆ ಅಂಟಿಸಲು ಲಕ್ಷ ಮೀರುತ್ತದೆ. ನನ್ನ ಕೇಳಿದರೆ ಮುಂದಿನ ಬಂಪರ್, ಬಾನೆಟ್, ಕನ್ನಡಿ, ಚಕ್ರದ ಹಿಂದಿನ ಬಾಗಿಲ ಕೆಳಭಾಗ, ಇಷ್ಟಕ್ಕೆ ಹಾಳೆ ಸಾಕು. ಎಲೆಕ್ಟ್ರಿಕ್ ಕಾರು ಒಮ್ಮೆಲೇ ಮುನ್ನುಗ್ಗಿದಾಗ ಟಯರು ಜಲ್ಲಿ ಎರಚುವುದು ಅಲ್ಲಿಗೇ.

ತಕ್ಷಣ ಕೈ ಹಾಕಬೇಕಾದ್ದು ಎರಡಕ್ಕೆ. ಒಂದು ಕಾಗೆಯ ಪ್ರಸಾದ. ಬಿಸಿಲಿಗೆ ಕ್ಲಿಯರ್ ಕೋಟ್ ಹಿಗ್ಗಿ ಮೆತ್ತಗಾಗಿರುತ್ತದೆ, ಮೇಲೆ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ, ಸಂಜೆ ತಂಪಾದಾಗ ಬಣ್ಣ ಅದರ ಅಚ್ಚನ್ನೇ ಹಿಡಿದು ಕುಗ್ಗುತ್ತದೆ. ಆಮೇಲೆ ಎಷ್ಟು ತೊಳೆದರೂ ಗುರುತು ಹೋಗುವುದಿಲ್ಲ. ಒದ್ದೆ ಬಟ್ಟೆ ಐದು ನಿಮಿಷ ಹಾಕಿ ನೆನೆಸಿ ಎತ್ತಬೇಕು. ಇನ್ನೊಂದು ನಮ್ಮ ಮನೆಯ ಮಾವಿನ ಮರ. ಹೂ ಬಿಡುವ ಕಾಲಕ್ಕೆ ಜಿಗಿಹುಳು ರಸ ಹೀರಿ ಕೆಳಗೆ ಅಂಟು ಸುರಿಸುತ್ತದೆ. ಕೊಂಬೆ ಕಾಂಪೌಂಡ್ ದಾಟಿ ಮೇಷ್ಟ್ರ ಕಾರಿನ ಮೇಲೆಯೇ ಚಾಚಿದೆ. ಹಣ್ಣು ತಿನ್ನುವಾಗ ಕೊಂಬೆ ಅವರದು, ಅಂಟು ಸುರಿಯುವಾಗ ನನ್ನದು. ಈ ವ್ಯಾಜ್ಯ ಇತ್ಯರ್ಥವಾಗುವಂಥದ್ದಲ್ಲ.

ಮೊನ್ನೆ ಆಯುಧಪೂಜೆಯ ಹಿಂದಿನ ದಿನ ಮೇಷ್ಟ್ರ ಮನೆಯವರು ಮೊದಲ ಬಾರಿಗೆ ಅಂಗಳಕ್ಕಿಳಿದು ಕಾರಿನ ಹತ್ತಿರ ಬಂದರು, ಕೈಯಲ್ಲಿ ಸೇವಂತಿಗೆ ಹಾರ. ಬಾನೆಟ್ಟಿಗೆ ವಿಭೂತಿ ಬಳಿಯಬೇಡಿ, ಬಾಳೆಕಂದಿನ ಸೊನೆ ಬಣ್ಣಕ್ಕೆ ತಾಗಿಸಬೇಡಿ, ಅರಿಸಿನ ಕುಂಕುಮವನ್ನು ನಂಬರ್ ಪ್ಲೇಟಿಗೂ ಗಾಜಿಗೂ ಇಡಿ ಅಂತ ಮೇಷ್ಟ್ರು ನನ್ನ ಮಾತನ್ನೇ ತಮ್ಮದೆಂಬಂತೆ ಒಪ್ಪಿಸಿದರು. ಆಕೆ ಎಲ್ಲಕ್ಕೂ ಒಪ್ಪಿದರು.

“ಸರಿ, ಹಾರ ಎಲ್ಲಿಗೆ ಕಟ್ಟಲಿ?”

ಮೂವರೂ ಕಾರನ್ನು ಒಂದು ಸುತ್ತು ಬಂದೆವು. ಬಾನೆಟ್ ಎತ್ತಿ ಸಿಕ್ಕಿಸುವ ಹಾಗಿಲ್ಲ. ಹಿಡಿಕೆ ಒಳಗೆ ಹೋಗಿದೆ. ಕನ್ನಡಿಯಲ್ಲಿ ಕ್ಯಾಮೆರಾ.

“ಒಳಗೆ ಸ್ಟೇರಿಂಗಿಗೆ ಹಾಕು” ಅಂದರು ಮೇಷ್ಟ್ರು.

“ಗಾಡಿಗೆ ಹಾಕಿದ ಹಾರ ನಾಲ್ಕು ಜನಕ್ಕೆ ಕಾಣ್ಬೇಕು.”

“ಹಾಗಾದ್ರೆ ಹಿಂದುಗಡೆ ಚಾರ್ಜಿಂಗ್ ಮುಚ್ಚಳ ತೆಗೆದಿಟ್ಟು ಅದಕ್ಕೆ ನೇತುಹಾಕು.”

“ತೀರ್ಥ ಎಲ್ಲಿಗೆ ಪ್ರೋಕ್ಷಣೆ ಮಾಡ್ತೀರಿ ಮತ್ತೆ? ಅಲ್ಲಿಗೆ ನೀರು ಹಿಡೀಬಾರದು ಅಂತ ಇವರೇ ಅಲ್ವಾ ಹೇಳಿದ್ದು!” ಅಂತ ಆಕೆ ನನ್ನ ಕಡೆ ತಿರುಗಿದರು.