ಎಪ್ಪತ್ತೇಳು ಮಲೆ, ಒಂದು ಜೊತೆ ಚಪ್ಪಲಿ

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಲೋಕ ಕಟ್ಟುವ ಕೆಲಸದಲ್ಲಿದ್ದಾನೆ. ಚಾಮರಾಜನಗರದಲ್ಲಿ ಮೂರು ಕೋಣೆಯ ಮನೆ ಕಟ್ಟಿಸುವಷ್ಟರಲ್ಲಿ ಅರ್ಧ ಕೂದಲು ಕಳೆದುಕೊಂಡ ನನಗೆ ಇದು ಸಣ್ಣ ಮಾತಾಗಿ ಕಾಣಲಿಲ್ಲ. ಅವನಿರುವುದು ಕಂಪ್ಯೂಟರ್ ಗೇಮ್ ಮಾಡುವ ಜಾಗದಲ್ಲಿ. ರಾಕೆಟ್ಟು, ಅನ್ಯಗ್ರಹದವರು, ಬೆಳಕಿನ ಕತ್ತಿ ಎಲ್ಲ ಇರುವ ವೈಜ್ಞಾನಿಕ ಕಥೆಯ ಆಟ. ಅದರ ಗ್ರಹಗಳನ್ನೂ ಅಲ್ಲಿನ ಜನರನ್ನೂ ಅವರ ದೇವರುಗಳನ್ನೂ ಹುಟ್ಟಿಸುವುದು ಇವನ ಪಾಲಿಗೆ ಬಂದಿದೆ. ಬ್ರಹ್ಮನ ಹುದ್ದೆ ಅನ್ನಿ. ಸಂಬಳ ಬ್ರಹ್ಮನಿಗೆ ತಕ್ಕದ್ದಲ್ಲ ಎಂದು ಅವನಮ್ಮನ ದೂರು. ಊರಲ್ಲಿ ಯಾರಾದರೂ ವಿಚಾರಿಸಿದರೆ ಅವಳು 'ಎಂಜಿನಿಯರ್ರು' ಎಂದು ಹೇಳಿ ಮಾತು ಮುಗಿಸುತ್ತಾಳೆ.

ಸಂಕ್ರಾಂತಿಗೆ ಬಂದವನು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. "ಮಾವ, ನೀವು ಭೂಗೋಳದ ಮೇಷ್ಟ್ರಲ್ವಾ, ಇದನ್ನ ಸ್ವಲ್ಪ ನೋಡಿ."

ನೀಲಗಿರಿಯನ್ನು ಗುಜರಾತಿನಲ್ಲಿ ಗುರುತಿಸುವ ಮಕ್ಕಳ ನಕ್ಷೆಗಳನ್ನು ಮೂವತ್ತು ವರ್ಷ ತಿದ್ದಿದವನು ನಾನು. ಯಾವ ಭೂಗೋಳಕ್ಕೂ ಹೆದರುವ ಪೈಕಿ ಅಲ್ಲ. ನೋಡಿದೆ. ನಾನೂರು ಗ್ರಹಗಳ ಪಟ್ಟಿ. ಒಂದೊಂದಕ್ಕೂ ಗುರುತ್ವ, ಆಕಾಶದ ಬಣ್ಣ, ಚಂದ್ರರ ಸಂಖ್ಯೆ, ದಿನಕ್ಕೆ ಎಷ್ಟು ಗಂಟೆ, ಮುಖ್ಯ ಖನಿಜ. ಹೆಸರುಗಳೋ, ಕೆಮ್ಮಿದ ಹಾಗೆ: ಜರ್ಕಾನ್, ಖ್ರೋಕ್ಸ್, ಥ್ರಾಗ್. ಕೆಂಪು ಪೆನ್ನಿಗೆ ಕೈ ತುರಿಸಿತು, ಆದರೆ ತಿದ್ದಲು ಏನೂ ಸಿಗಲಿಲ್ಲ.

"ತಪ್ಪೇನೂ ಇಲ್ಲವಲ್ಲೋ" ಎಂದೆ.

"ಅದೇ ಕಷ್ಟ ಮಾವ. ತಪ್ಪಿಲ್ಲ. ಆದ್ರೆ ಆಡಿದೋರಿಗೆ ಮಾರನೇ ದಿನ ಒಂದು ಗ್ರಹನೂ ನೆನಪಿರಲ್ಲ."

ಆಮೇಲೆ ತನ್ನ ಕಸುಬಿನ ಪುರಾಣ ಹೇಳಿದ. 1984ರಲ್ಲಿ ಇಂಗ್ಲೆಂಡಿನ ಇಬ್ಬರು ಹುಡುಗರು, ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್, 'ಎಲೀಟ್' ಎಂಬ ಆಟ ಮಾಡಿದರಂತೆ. ಅವರ ಕೈಲಿದ್ದ ಬಿಬಿಸಿ ಮೈಕ್ರೊ ಕಂಪ್ಯೂಟರಿನ ಜ್ಞಾಪಕಶಕ್ತಿ 32 ಕಿಲೋಬೈಟ್. ಈಗ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬೆಳಗ್ಗೆ ಬರುವ ಒಂದು ಶುಭೋದಯದ ಗುಲಾಬಿಗೂ ಅಷ್ಟು ಸಾಲದು. ಅಷ್ಟರಲ್ಲೇ ಎಂಟು ನಕ್ಷತ್ರಪುಂಜ, ಪುಂಜಕ್ಕೆ 256ರಂತೆ 2048 ಲೋಕ ಹಿಡಿಸಿದ್ದರು. ಯಾವ ಲೋಕವನ್ನೂ ಬರೆದಿಟ್ಟಿರಲಿಲ್ಲ. ಬೀಜದಂಥ ಒಂದು ಅಂಕಿ, ಅದನ್ನು ಕೂಡಿ ತಿರುಚುವ ಒಂದು ಲೆಕ್ಕ; ಬೇಕೆಂದಾಗ ಲೋಕ ಮೊಳೆಯುತ್ತದೆ, ಬೇಡವಾದಾಗ ಮಡಚಿಕೊಳ್ಳುತ್ತದೆ, ಮತ್ತೆ ಹೋದರೆ ಅದೇ ಲೋಕ ಅಲ್ಲೇ ಇರುತ್ತದೆ. ಮುಂದೆ 2016ರಲ್ಲಿ 'ನೋ ಮ್ಯಾನ್ಸ್ ಸ್ಕೈ' ಎಂಬುದು ಬಂತು. ಅದರಲ್ಲಿನ ಗ್ರಹಗಳನ್ನು ಎಣಿಸಬೇಕೆಂದರೆ 18 ಬರೆದು ಅದರ ಮುಂದೆ ಹದಿನೆಂಟು ಸೊನ್ನೆ ಇಡಬೇಕು. ಜನ ಹೊಕ್ಕು ನೋಡಿದರು, ಗ್ರಹದಿಂದ ಗ್ರಹಕ್ಕೆ ಹಾರಿದರು, 'ಇಲ್ಲಿ ಏನೂ ಇಲ್ಲವಲ್ಲ' ಎಂದು ಗೊಣಗಿದರು. ಮಾಡಿದವರು ಪಾಪ, ಅಲ್ಲಿಂದಾಚೆ ವರ್ಷಗಟ್ಟಲೆ ಅದಕ್ಕೆ ಏನೇನೋ ತುಂಬುತ್ತ ಬಂದರು.

ನನಗೆ ಥಟ್ಟನೆ ನೆನಪಾದದ್ದು ಮಲೆ ಮಾದೇಶ್ವರನ, ಅಂದರೆ ನಮ್ಮ ಮಾದಪ್ಪನ, ಎಪ್ಪತ್ತೇಳು ಮಲೆ. ಹದಿನೆಂಟರ ಮುಂದಿನ ಆ ಸೊನ್ನೆಗಳ ಎದುರಿಗೆ ಬರೀ ಎಪ್ಪತ್ತೇಳು! ಆನೆಮಲೆ, ಜೇನುಮಲೆ, ಪಚ್ಚೆಮಲೆ, ಪೊನ್ನಾಚಿಮಲೆ ಎಂದು ಶುರುಮಾಡಿದರೆ ಅಕ್ಷರ ಬಾರದ ಮುದುಕಿಯೂ ಒಂದಿಷ್ಟು ದೂರ ಹೋಗುತ್ತಾಳೆ. ಹೋಗುತ್ತ ಹೋಗುತ್ತ ಅಲ್ಲಿ ಯಾರು ಯಾರಿಗೆ ಅನ್ನ ಇಕ್ಕಲಿಲ್ಲ, ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದನ್ನೂ ಹೇಳುತ್ತಾಳೆ. ತಂಗಿಯ ಮಗನ ನಾನೂರು ಗ್ರಹಗಳಲ್ಲಿ ಏನು ಕಮ್ಮಿ ಎಂದು ಆಗ ಹೊಳೆಯಿತು. ಅಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಯಾರೂ ಯಾರಿಗೂ ಭಾವನಲ್ಲ, ಸಾಲಗಾರನಲ್ಲ. ಖನಿಜ ಇದೆ.

ಮಾರನೇ ದಿನ ಗುಂಡ್ಲುಪೇಟೆಯಲ್ಲಿ ಒಂದು ನಾಮಕರಣವಿತ್ತು. ಅವನನ್ನೂ ಬಸ್ಸಿಗೆ ಹತ್ತಿಸಿದೆ. ಹೊರಡುವಾಗ ಚಾಮರಾಜೇಶ್ವರನ ಗೋಪುರ ತೋರಿಸಿ, ಈ ಊರಿಗೆ ಮೊದಲು ಅರಿಕುಠಾರ ಎಂಬ ಹೆಸರಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟರು, ಗುಡಿ ಕಟ್ಟಿಸಿದ್ದು 1826ರಲ್ಲಿ ಎಂದೆ. ಅವನು ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ಹಾಡೇ ಕೇಳುತ್ತಿದ್ದ. "ಈ ಊರಿಗೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತೆ ಅಂತ ನಂಬಿಕೆ ಕಣೋ" ಎಂದ ಕೂಡಲೇ ಕಿವಿಯಿಂದ ಆ ಗುಂಡಿ ತೆಗೆದ.

"ನಿಜವಾಗ್ಲೂ?"

ನಿಜವಾಗಿ ಹೋಗುತ್ತದೋ ಇಲ್ಲವೋ, ಹೆದರಿಕೆಯಂತೂ ನಿಜ. ವಿಧಾನಸೌಧದ ಮೂರನೇ ಮಹಡಿಯಲ್ಲಿ ಗುಡುಗುವ ಎಷ್ಟೋ ಜನ ನಮ್ಮೂರಿನ ದಿಕ್ಕಿಗೆ ತಲೆ ಹಾಕಲಿಲ್ಲ. ಸಿದ್ದರಾಮಯ್ಯನವರು ಹಲವು ಸಲ ಬಂದರು, 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಕೂತೂ ಇದ್ದರು. ಆದರೂ ಕಥೆ ಸಾಯಲಿಲ್ಲ. ಮಗ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ: 'ರಾಜ ಕಾಲಿಡದ ಗ್ರಹ. ಕಾರಣ ಯಾರಿಗೂ ಸರಿಯಾಗಿ ಗೊತ್ತಿಲ್ಲ. ರಸ್ತೆ ಕೆಟ್ಟಿದೆ.' ಕೊನೆಯದನ್ನು ನಾನು ಹೇಳಿರಲಿಲ್ಲ, ಬಸ್ಸು ಹೇಳಿತು.

ತೆರಕಣಾಂಬಿಯ ಹತ್ತಿರ ಮುಂದಿನ ಸೀಟಿನ ಹಿರಿಯರೊಬ್ಬರು ಎಲೆಯಡಿಕೆಯ ರಸವನ್ನು ಕಿಟಕಿಯಾಚೆ ಬಿಟ್ಟರು. ಗಾಳಿ ಅದರಲ್ಲಿ ಒಂದು ಪಾಲನ್ನು ನಮಗೆ ಮರಳಿಸಿತು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮಗ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದಾನೆ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ 'ಡ್ಯೂನ್' ಕಾದಂಬರಿಯಲ್ಲಿ ಅರಾಕಿಸ್ ಎಂಬ ಮರಳುಗಾಡಿನ ಗ್ರಹವಿದೆಯಂತೆ. ಅಲ್ಲಿ ನೀರಿಗೆ ಎಷ್ಟು ಬರ ಎಂದರೆ, ಒಬ್ಬ ಇನ್ನೊಬ್ಬನ ಮುಂದೆ ಉಗಿದರೆ ಅದು ಮರ್ಯಾದೆ: ನನ್ನ ಮೈಯ ನೀರನ್ನು ನಿನಗೆ ಕೊಟ್ಟೆ ಎಂದು ಅರ್ಥ. "ಇಡೀ ಗ್ರಹ ಆ ಒಂದು ಉಗುಳಲ್ಲಿದೆ ಮಾವ" ಎಂದ. ಒಪ್ಪಿದೆ. ಮಳೆಗಾಲವೂ ಮನಸ್ಸಿಟ್ಟು ಬಾರದ ಸೀಮೆ ನಮ್ಮದು. ಬಿಂದಿಗೆ ಎತ್ತಿ ಕೊಟ್ಟವರನ್ನು ಮೂರು ತಲೆಮಾರು ನೆನೆಯುತ್ತೇವೆ. ಆದರೂ ಆ ಹಿರಿಯರ ಮರ್ಯಾದೆ ನನ್ನ ಬಿಳಿ ಅಂಗಿಯಿಂದ ಇನ್ನೂ ಹೋಗಿಲ್ಲ.

ನಾಮಕರಣದ ಮನೆಯಲ್ಲಿ ಅದೃಷ್ಟಕ್ಕೆ ಮಾದಪ್ಪನ ಕಥೆ ಹಾಡುವ ಒಬ್ಬ ದೇವರಗುಡ್ಡರು ಸಿಕ್ಕಿದರು. ಮಾದಪ್ಪನ ಒಕ್ಕಲಿನ ಮನೆ. ಮಗುವಿಗೂ ಅವನದೇ ಹೆಸರು. ಊಟ ಮುಗಿಸಿ, ಕಂಸಾಳೆ ತಾಳವನ್ನು ಪಂಚೆಯ ಅಂಚಿನಲ್ಲಿ ಒರೆಸುತ್ತ ಅವರು ಕೇಳಿದರು: "ಯಾವ ಸಾಲು ಹೇಳನಾ ಬುದ್ಧಿ?"

ಆ ಪ್ರಶ್ನೆಗೆ ಮಗ ಬೆಚ್ಚಿಬಿದ್ದ. ಮಾದೇಶ್ವರನ ಕಾವ್ಯ ಇರುವುದೇ ಸಾಲುಗಳಲ್ಲಿ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಶ್ರವಣ ದೊರೆಯ ಕಥೆ. ಮೊದಲಿಂದ ಕೊನೆಗೆ ಕೇಳಲೇಬೇಕೆಂಬ ಕಟ್ಟಿಲ್ಲ. ಈ ರಾತ್ರಿ ಒಂದು ಸಾಲು, ಮುಂದಿನ ವರ್ಷದ ಹರಕೆಗೆ ಇನ್ನೊಂದು. ಕೇಳುವವನ ತಲೆಯೊಳಗೆ ಅವು ತಾವಾಗಿ ಹೊಲಿದುಕೊಳ್ಳುತ್ತವೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಇದನ್ನು ಪುಸ್ತಕವಾಗಿ ತಂದರು, ಆಮೇಲೆ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದೂ ಅಚ್ಚಾಯಿತು. ಎರಡನ್ನೂ ಎದೆಯ ಮೇಲಿಟ್ಟುಕೊಂಡು ಮಲಗಿ ಓದುವಂತಿಲ್ಲ, ಉಸಿರು ಕಟ್ಟುತ್ತದೆ.

ಅಂದು ಕೇಳಿದ್ದು ಸಂಕಮ್ಮನ ಸಾಲು. ಗಂಡ ನೀಲೇಗೌಡ ಕಾಡಿಗೆ ಹೋಗುವ ಮುಂಚೆ ಹೆಂಡತಿಯ ಹತ್ತಿರ ಆಣೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅವನು ಪಡಬಾರದ ಪಾಡು ಪಡಿಸುತ್ತಾನೆ, ಮಾದಪ್ಪ ಬಂದು ಕಾರಯ್ಯ ಬಿಲ್ಲಯ್ಯ ಎಂಬ ಅವಳಿ ಮಕ್ಕಳ ಫಲ ಕೊಡುತ್ತಾನೆ. ಇಷ್ಟೇ. ಆದರೆ ಸಂಕಮ್ಮ ಆಣೆ ಇಡದೆ ನಿಂತ ಆ ಜಾಗ ಬಂದಾಗ ಅಡುಗೆ ಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಮಗನೂ ಟೈಪು ಮಾಡುವುದನ್ನು ನಿಲ್ಲಿಸಿದ್ದ.

ಕೊನೆಗೆ ಅವನು ಒಂದು ಪ್ರಶ್ನೆ ಕೇಳಿದ. "ದೇವರು ಆಗಿದ್ಮೇಲೆ ಇವರಿಗೆ ಕಷ್ಟ ಏನು? ಎಲ್ಲಾ ಶಕ್ತಿನೂ ಇರುತ್ತಲ್ಲ?"

ಗುಡ್ಡರು ನಕ್ಕರು. "ಅದೇನ್ ಸುಮ್ನೆ ಬಂತಾ? ಸುತ್ತೂರು ಮಠದಲ್ಲಿ ರಾಗಿ ಬೀಸಿಲ್ವಾ?"

ಆ ಉತ್ತರವನ್ನು ಮಗ ಎರಡು ಸಲ ಬರೆದುಕೊಂಡ. ನಮ್ಮ ಸೀಮೆಯ ದೇವರುಗಳು ಹೀಗೇ, ಕೆಲಸ ಮಾಡದೆ ಮೇಲೆ ಬಂದವರಲ್ಲ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಕುಲುಮೆಗೆ ಕಬ್ಬಿಣದ ಭಿಕ್ಷೆಗೆ ಹೋದ ಕಥೆ ಹೇಳಿದಾಗ, ಅವರು ಕೊಡದೆ ಸತಾಯಿಸಿದ್ದು, ಒಂದರ ಮೇಲೊಂದು ಪರೀಕ್ಷೆ ಒಡ್ಡಿದ್ದು ಕೇಳಿ, "ಇದು ನಮ್ಮ ಆಟದ ಐದನೇ ಹಂತ!" ಎಂದು ಕುಣಿದ. ಇವನ ಹಂತದಲ್ಲಿ ನಾಯಕ ಖನಿಜ ತರಲು ಹೋದರೆ ಎದುರಿಗೆ ಬರುವುದು ಬೆಂಕಿ ಉಗುಳುವ ಯಂತ್ರ. ಹಲಗೂರಿನಲ್ಲಿ ಬರುವುದು ನೆಂಟರು. ಸಿದ್ದಪ್ಪಾಜಿ ಹುಟ್ಟಿನಿಂದ ಆ ಪಾಂಚಾಳರದೇ ಕುಲದವನು. ಬೆಂಕಿಯ ಯಂತ್ರವನ್ನು ಗುಂಡು ಹಾರಿಸಿ ಕೆಡವಬಹುದು, ನೆಂಟರನ್ನು ಏನು ಮಾಡುವುದು? ಜನವರಿಯ ಹುಣ್ಣಿಮೆಗೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯಲ್ಲಿ ಚಂದ್ರಮಂಡಲಕ್ಕೆ ಬೆಂಕಿ ಹೊತ್ತುವ ರಾತ್ರಿ ಅಲ್ಲಿ ಸೇರುವ ಜನ ಇಂದಿಗೂ ಆ ಜಗಳವನ್ನು ತಮ್ಮ ಮನೆಯದೆಂಬಂತೆ ಆಡಿಕೊಳ್ಳುತ್ತಾರೆ.

ಇನ್ನು ಬಿಳಿಗಿರಿಯ ರಂಗಪ್ಪ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಕಾರಣ ಸೋಲಿಗರಿಗೆಲ್ಲ ಅವನು ಭಾವ. ದೇವರನ್ನು ಭಾವ ಎಂದು ಕರೆಯುವ ಜನಕ್ಕೆ ಅವನನ್ನು ರೇಗಿಸುವ ಹಕ್ಕೂ ಇರುತ್ತದೆ. ಆ ಭಾವ ಇರುಳಿಡೀ ಕಾಡು ಸುತ್ತಿ ಚಪ್ಪಲಿ ಸವೆಸುತ್ತಾನೆಂದು ಎರಡು ವರ್ಷಕ್ಕೊಮ್ಮೆ ಹೊಸ ಜೊತೆ ಒಪ್ಪಿಸುತ್ತಾರೆ. ಒಂದೊಂದೂ 1 ಅಡಿ 9 ಅಂಗುಲ. ಬೆಟ್ಟಕ್ಕೆ ಹೋದವರು ಆ ಚಪ್ಪಲಿಯನ್ನು ತಲೆಗೆ ತಟ್ಟಿಸಿಕೊಂಡು ಖುಷಿಯಾಗಿ ಇಳಿದು ಬರುತ್ತಾರೆ. ಬೇರೆಲ್ಲಾದರೂ ಇದೇ ಉಪಚಾರ ಆದರೆ ಪೊಲೀಸ್ ಠಾಣೆ ಕಾಣಬೇಕು.

"ಚಪ್ಪಲಿ ಸವೆಯೋ ದೇವರು" ಎಂದು ಮಗ ತನ್ನಷ್ಟಕ್ಕೆ ಅಂದುಕೊಂಡ. ಅವನ ಪಟ್ಟಿಯ ಗ್ರಹಗಳಲ್ಲಿ ಏನೂ ಸವೆಯುತ್ತಿರಲಿಲ್ಲ.

ಮಾತಿನಲ್ಲಿ ಹೊತ್ತು ಹೋಗಿ ಕೊನೆಯ ಬಸ್ಸು ತಪ್ಪಿತು. ನೆಂಟರ ಹುಡುಗನ ಕಾರಿನಲ್ಲಿ ಕಾಡಿನ ಅಂಚಿನವರೆಗೆ ಸುಮ್ಮನೆ ಹೋಗಿಬಂದೆವು. ರಾತ್ರಿ ಒಂಬತ್ತಕ್ಕೆ ಮದ್ದೂರು ಚೆಕ್‌ಪೋಸ್ಟಿನಲ್ಲಿ ಗೇಟು ಬಿತ್ತು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ಹೀಗೇ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ. ಆಂಬುಲೆನ್ಸು ಮತ್ತು ಎಣಿಕೆಯ ಕೆಲವು ಬಸ್ಸುಗಳಷ್ಟೇ ಹೋಗಬಹುದು. ಕೇರಳದ ಕಡೆಯ ಲಾರಿಗಳು ಸಾಲಾಗಿ ನಿಂತು ದೀಪ ಆರಿಸಿದವು. ಒಬ್ಬ ಚಾಲಕ ಟೊಮೆಟೊ ಚೀಲಗಳ ಮೇಲೆ ಹಾಸಿಗೆ ಬಿಚ್ಚಿದ.

ಮಗ ಗೇಟನ್ನೇ ನೋಡುತ್ತಿದ್ದ. ಆಟಗಳಲ್ಲಿ ನಕ್ಷೆಯ ಕೊನೆ ಎಂಬುದು ದೊಡ್ಡ ತಲೆನೋವಂತೆ. ಮುಂದೆ ಬಯಲು ಕಾಣುತ್ತಿರುತ್ತದೆ, ಆದರೆ ಕಾಣದ ಗೋಡೆಯೊಂದಕ್ಕೆ ನಾಯಕ ಮೂಗು ಉಜ್ಜಿಕೊಂಡು ನಿಂತಲ್ಲೇ ಓಡುತ್ತಿರುತ್ತಾನೆ. ಆಡುವವನಿಗೆ ಅಲ್ಲಿ ಇದು ಸುಳ್ಳೆಂದು ತಿಳಿದುಹೋಗುತ್ತದೆ. ಇಲ್ಲಿ ನೋಡಿದರೆ, ಒಂದು ಕಬ್ಬಿಣದ ಕಂಬಿ, ಕುರ್ಚಿಯ ಮೇಲೊಬ್ಬ ಗಾರ್ಡು, ಅವನ ಫ್ಲಾಸ್ಕು. ಆಚೆ ಕತ್ತಲು. ಆ ಕತ್ತಲಲ್ಲಿ ಏನೋ ಮುರಿದ ಸದ್ದು, ಬಿದಿರಿರಬಹುದು.

"ಇಲ್ಲಿಂದ ಮುಂದೆ ಬೇರೆಯವರ ಪಾಳಿ" ಎಂದ ಗಾರ್ಡು ಚಹಾ ಬಗ್ಗಿಸುತ್ತ.

ಹಬ್ಬ ಮುಗಿದು ಅವನು ಬೆಂಗಳೂರಿಗೆ ಹೋದ ಮೇಲೆ ನಾನೂರು ಗ್ರಹ ಹನ್ನೊಂದಕ್ಕೆ ಇಳಿದಿದೆಯೆಂದು ಸುದ್ದಿ ಬಂತು. ಮೇಲಿನವರು ರೇಗಿದರಂತೆ, ಆಮೇಲೆ ಸುಮ್ಮನಾದರಂತೆ. ಹೆಸರುಗಳ ಕೆಮ್ಮು ಕೂಡ ಸ್ವಲ್ಪ ವಾಸಿಯಾಗಿದೆ. ಒಂದು ಗ್ರಹಕ್ಕೆ ಎರಡು ಹೆಸರು: ಒಂದು ಈಗಿನದು, ಇನ್ನೊಂದು ಮುದುಕರು ಮಾತ್ರ ಹೇಳುವುದು. ಮಾದಪ್ಪನನ್ನಾಗಲಿ ರಂಗಪ್ಪನನ್ನಾಗಲಿ ಎತ್ತಿ ಆಟಕ್ಕೆ ಹಾಕಕೂಡದು ಎಂದು ಅವನಮ್ಮ ಆಣೆ ಹಾಕಿಸಿಕೊಂಡಿದ್ದಳು, ಅವನು ಹಾಕಿಲ್ಲ. ದೇವರುಗಳನ್ನು ತಾನೇ ಹುಟ್ಟಿಸುತ್ತಿದ್ದಾನೆ. ಅವರಿಗೆ ನೆಂಟಸ್ತಿಕೆ ಹುಡುಕುವ ಕೆಲಸ ಫೋನಿನ ಮೇಲೆ ನನ್ನದು. ವಧೂವರರ ದಲ್ಲಾಳಿಯ ಹಾಗಾಗಿದೆ ನನ್ನ ನಿವೃತ್ತಿ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನು. ನಾನು ಗಾಬರಿಯಾಗಿ ಎದ್ದೆ, ನನ್ನವಳು ಅದಕ್ಕಿಂತ ಮೊದಲೇ ಎದ್ದಳು.

"ಮಾವ, ಆರನೇ ಗ್ರಹದ ದೇವರ ಚಪ್ಪಲಿ ಬಿಡಿಸ್ತಾ ಇದೀವಿ. ಎರಡೂ ಒಂದೇ ಸಮ ಸವೆದಿರಬೇಕಾ?"

ನಿದ್ದೆಗಣ್ಣಲ್ಲೇ ಯೋಚಿಸಿದೆ. "ಎಡಗಾಲಿನದು ಜಾಸ್ತಿ ಸವೆದಿರಲಿ."

"ಯಾಕೆ?"

"ಅದು ನನಗೂ ಗೊತ್ತಿಲ್ಲ ಕಣೋ. ಆ ಊರಿನೋರನ್ನ ಕೇಳು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಊರಿನಲ್ಲಿ ಇನ್ನೂ ಯಾರನ್ನೂ ಮಾಡಿಲ್ಲ, ನಾಳೆ ಮಾಡ್ತೀವಿ ಎಂದ. ಫೋನಿಟ್ಟು ಮಲಗಿದೆ. "ಯಾರದು ಈ ಹೊತ್ತಲ್ಲಿ?" ಎಂದಳು ಇವಳು. ಚಪ್ಪಲಿ ವಿಷಯ ಎಂದೆ. ಜಗಲಿಯ ಮೇಲೆ ಬಿಟ್ಟಿದ್ದ ನನ್ನದನ್ನು ನಾಯಿ ಎಳೆದುಕೊಂಡು ಹೋಯಿತೇನೋ ಎಂದು ಅವಳು ಟಾರ್ಚು ಹಿಡಿದು ಹೊರಗೆ ಹೋದಳು. ಒಂದು ಇತ್ತಂತೆ.