ಕುಟುಂಬಲಾಂಛನ ಮೀಮಾಂಸೆ

ವಿಷಯ: ಚಾಲುಕ್ಯರಿಗೆ ವರಾಹ, ಗಂಗರಿಗೆ ಆನೆ, ಮೈಸೂರು ಒಡೆಯರಿಗೆ ಗಂಡಭೇರುಂಡ. ನಾಲ್ಕು ತಲೆಮಾರಿನಿಂದ ಒಂದೇ ರುಬ್ಬುಗುಂಡನ್ನು ಕಾಪಾಡಿಕೊಂಡು ಬಂದಿರುವ ನಮ್ಮ ಮನೆತನಕ್ಕೆ ಮಾತ್ರ ರೇಷನ್ ಕಾರ್ಡು. ಈ ಅನ್ಯಾಯದ ವಿಚಾರಣೆಯೇ ಪ್ರಕೃತ ಗ್ರಂಥದ ಉದ್ದೇಶ.

ಸಂಶಯ: ಕೇಳಿದವರಿಗೆಲ್ಲ ಲಾಂಛನ ದಕ್ಕೀತೇ? ದಕ್ಕೀತು. ಇಂಗ್ಲೆಂಡಿನಲ್ಲಿ 1484ರಿಂದಲೂ ಅದಕ್ಕೊಂದು ಪ್ರತ್ಯೇಕ ಸಂಸ್ಥೆಯಿದೆ. ಅರ್ಹತೆಯ ಜೊತೆಗೆ ಶುಲ್ಕವೂ ಬೇಕು. 1877ರ ದೆಹಲಿ ದರ್ಬಾರಿನಲ್ಲಂತೂ ವೈಸ್‌ರಾಯ್ ಲಿಟ್ಟನ್ ನಮ್ಮ ರಾಜರುಗಳಿಗೆ ವಿಲಾಯಿತಿ ಶೈಲಿಯ ಲಾಂಛನವಿದ್ದ ಬಾವುಟಗಳನ್ನು ದಯಪಾಲಿಸಿದ. ಅವನ್ನು ರಚಿಸಿದ ರಾಬರ್ಟ್ ಟೇಲರ್ ಬಂಗಾಳದ ಸಿವಿಲ್ ಸರ್ವಿಸಿನವನು. ಸರ್ಕಾರಿ ನೌಕರನ ಕೈಯಲ್ಲಿ ರಾಜಚಿಹ್ನೆ ಹುಟ್ಟಬಹುದಾದರೆ, ಪಿಂಚಣಿದಾರರಾದ ನಮ್ಮ ದೊಡ್ಡಪ್ಪನವರ ಕೈಯಲ್ಲಿ ಯಾಕೆ ಹುಟ್ಟಬಾರದು?

ಪೂರ್ವಪಕ್ಷ: ಗಂಡಭೇರುಂಡವೇ ಆಗಲಿ ಎಂಬುದು ದೊಡ್ಡಪ್ಪನವರ ಮತ. ಅಚ್ಯುತರಾಯನ ನಾಣ್ಯದಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ನಮ್ಮದು ಮನೆ ಸಾಲವನ್ನೂ ಚೀಟಿ ಕಂತನ್ನೂ ಹಿಡಿಯಲಿ. ತಲೆ ಎರಡು, ಹೊಟ್ಟೆ ಒಂದು: ಕೂಡುಕುಟುಂಬಕ್ಕೆ ಬೇರೆ ಪ್ರಮಾಣ ಬೇಕೆ?

ಬೇಕು, ಎಂದರು ಚಿಕ್ಕಪ್ಪ. ಆಸ್ತಿ ಪಾಲಾದ ಮೇಲೆ ಹೊಟ್ಟೆ ಒಂದೇ ಆಗಿರುವುದು ಹೇಗೆ? ಇದಕ್ಕೂ ಆಂಗ್ಲಶಾಸ್ತ್ರದಲ್ಲಿ ಪರಿಹಾರವಿದೆ. ಎರಡನೆಯ ಮಗನಿಗೆ ಬಾಲಚಂದ್ರ, ಮೂರನೆಯವನಿಗೆ ನಕ್ಷತ್ರ, ನಾಲ್ಕನೆಯವನಿಗೆ ಕಾಲಿಲ್ಲದ ಹಕ್ಕಿ. ಕಾಲೂರಲು ನೆಲ ಸಿಗದವನೆಂದು ಅದರ ತಾತ್ಪರ್ಯ ಹೇಳುವುದುಂಟು. ಚಿಕ್ಕಪ್ಪ ನಾಲ್ಕನೆಯವರು. ಹಕ್ಕಿಯನ್ನು ಸ್ವೀಕರಿಸಿದ್ದಾರೆ, ಕಾಲುಗಳಿಗಾಗಿ ವಕೀಲರ ಮೂಲಕ ನೋಟೀಸು ಕಳಿಸಿದ್ದಾರೆ.

ಇನ್ನು ವರ್ಣವಿಚಾರ. ಲೋಹದ ಮೇಲೆ ಲೋಹ ಬರಕೂಡದು, ಬಣ್ಣದ ಮೇಲೆ ಬಣ್ಣ ಬರಕೂಡದು; ಚಿನ್ನ ಬೆಳ್ಳಿಗಳೆರಡೂ ಲೋಹಗಳೇ. ಈ ಸೂತ್ರದಂತೆ, ಮದುವೆಮನೆಗೆ ಸರದ ಮೇಲೆ ಸರ ಹೇರಿಕೊಂಡು ಬರುವ ದೊಡ್ಡಮ್ಮ ಸಂಚಾರಿ ಶಾಸ್ತ್ರೋಲ್ಲಂಘನೆ. ಸೂತ್ರವನ್ನು ಅವರಿಗೆ ತಿಳಿಸುವ ಧೈರ್ಯ ಯಾವ ಪಂಡಿತರಿಗೂ ಬಂದಿಲ್ಲ.

ಸಿದ್ಧಾಂತ: ಶಿರಸ್ತ್ರಾಣದೊಳಗಿನ ಮುಖ ಕಾಣದಿದ್ದಾಗ ಯಾರು ಯಾರೆಂದು ಗುರಾಣಿಯ ಚಿತ್ರ ಹೇಳುತ್ತಿತ್ತು. ಆದ್ದರಿಂದ ಅದಲುಬದಲಾಗುವ ಭಯ ಎಲ್ಲಿದೆಯೋ ಅಲ್ಲೇ ಲಾಂಛನದ ಸ್ಥಾನ. ನಮ್ಮ ಮನೆತನಕ್ಕೆ ಆ ಭಯ ಇರುವುದು ಸ್ಟೀಲ್ ಡಬ್ಬಿಗಳ ವಿಷಯದಲ್ಲಿ ಮಾತ್ರ. ಅವುಗಳ ಮೇಲೆ ಅಜ್ಜಿ ಎಂದೋ ಚುಕ್ಕಿಚುಕ್ಕಿಯಾಗಿ ಇನಿಷಿಯಲ್ ಸಮೇತ ಹೆಸರು ಕೊರೆಸಿಟ್ಟಿದ್ದಾರೆ. ಬಣ್ಣವೇ ಇಲ್ಲವಾದ್ದರಿಂದ ವರ್ಣದೋಷವಿಲ್ಲ. ಪಾಲಾದಾಗಲೂ ಯಾವ ಡಬ್ಬಿ ಯಾರದೆಂಬ ವ್ಯಾಜ್ಯ ಹುಟ್ಟಲಿಲ್ಲ. ಹೀಗೆ ಅಜ್ಜಿಯೇ ನಮ್ಮ ಆದ್ಯ ಲಾಂಛನಾಚಾರ್ಯೆ ಎಂದು ನಿರ್ಣಯ.

ಉಳಿದದ್ದು ಧ್ಯೇಯವಾಕ್ಯ. ಅದನ್ನೂ ಅಜ್ಜಿಯೇ, ಪಾಯಸ ತುಂಬಿದ ಡಬ್ಬಿ ಪಕ್ಕದ ಮನೆಗೆ ಹೊರಟಾಗಲೆಲ್ಲ, ಸಾರಿದ್ದಾರೆ: "ಡಬ್ಬಿ ವಾಪಸು ಬರಲಿ, ಖಾಲಿ ಬರದಿರಲಿ."